ಒರೆಸಿಟ್ಟ ತೊಟ್ಟಿಗೆ ತುಕ್ಕು

ಬಣ್ಣಗಾರ ಆ ರೇಷ್ಮೆ ಲಡಿಯನ್ನು ನನ್ನ ಅಂಗಡಿಯ ಬಾಗಿಲ ಬೆಳಕಿಗೆ ಹಿಡಿದಾಗ ಮೊದಲು ನನಗೆ ಏನೂ ಕಾಣಲಿಲ್ಲ. ಕೆನೆ ಬಣ್ಣದ ನೂಲು, ಹೊಳಪು ಒಳ್ಳೆಯದೇ ಇತ್ತು. ಆಮೇಲೆ ಅವನು ಹೆಬ್ಬೆರಳಿನಿಂದ ಎಳೆಗಳನ್ನು ಅಗಲಿಸಿದ. ಒಳಗೆ ಅಲ್ಲಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕ ಕಂದು ಚುಕ್ಕೆಗಳಿದ್ದವು. ಉಗುರಿನಿಂದ ಕೆರೆದು ನೋಡಿದೆ, ಹೋಗಲಿಲ್ಲ.

“ನಿಮ್ಮ ತೊಟ್ಟಿ ತುಕ್ಕು ಹಿಡಿದೈತಣ್ಣಾ,” ಅಂದ.

ನನ್ನ ಅಂಗಡಿಯಲ್ಲಿ ನಿಂತು ತುಕ್ಕಿನ ಮಾತೆತ್ತುವುದು, ಹಾಲು ಮಾರುವವನ ಮನೆಯಲ್ಲಿ ನೀರಿನ ಮಾತೆತ್ತಿದ ಹಾಗೆ. ಚಳ್ಳಕೆರೆಯಲ್ಲಿ ನಾನು ಮಾಡುವುದು ಸ್ಟೇನ್‌ಲೆಸ್ ಸ್ಟೀಲಿನ ಕೆಲಸ ಮಾತ್ರ. ಹೋಟೆಲಿನ ಮೇಜು, ಡೇರಿಯ ತೊಟ್ಟಿ, ಎಣ್ಣೆ ಮಿಲ್ಲಿನ ಡ್ರಮ್ಮು. ಮೊಳಕಾಲ್ಮೂರಿನ ಈ ಬಣ್ಣಗಾರನಿಗೆ ಕೆಲವು ತಿಂಗಳ ಹಿಂದೆ ಎರಡು ತೊಟ್ಟಿ ಮಾಡಿಕೊಟ್ಟಿದ್ದೆ. ಒಂದು ಕುಂಕುಮ, ನೇರಳೆಯಂಥ ಗಾಢ ಬಣ್ಣಗಳಿಗೆ. ಇನ್ನೊಂದು ಕೆನೆ ಬಣ್ಣಕ್ಕೆ. ಕೆನೆಯದಕ್ಕೆ ಎಳೆ ಸಿಕ್ಕಿಕೊಳ್ಳಬಾರದೆಂದು ಒಳಗೆಲ್ಲ ಬಫ್ ಹೊಡೆದು ಕನ್ನಡಿಯಂತೆ ಮಾಡಿದ್ದೆ. ಎರಡೂ ಒಂದೇ ಹಾಳೆಯಿಂದ ಕತ್ತರಿಸಿದವು. ಗಾಢ ಬಣ್ಣದ ತೊಟ್ಟಿಗೆ ಏನೂ ಆಗಿಲ್ಲ, ಕೆನೆಯದಕ್ಕೆ ಮಾತ್ರ ತುಕ್ಕು ಅಂದ. ಅದನ್ನು ಕೇಳಿಯೇ ನನಗೆ ತಲೆಗೆ ಹುಳ ಬಿಟ್ಟಂತಾಯಿತು.

ಅವನ ಕಷ್ಟ ನನ್ನ ಮರ್ಯಾದೆಗಿಂತ ದೊಡ್ಡದಿತ್ತು. ಊರಲ್ಲಿ ಗಾಢ ಬಣ್ಣ ಹಾಕುವವರು ಬೇಕಾದಷ್ಟು ಜನ ಇದ್ದಾರೆ. ಕಲೆಯಿಲ್ಲದ ಕೆನೆ ಬಣ್ಣ ಕೊಡುತ್ತಾನೆ ಎಂಬ ಒಂದೇ ಕಾರಣಕ್ಕೆ ಸೀರೆ ನೇಯಿಸುವ ಯಜಮಾನರೊಬ್ಬರು ತಮ್ಮ ನೂಲನ್ನೆಲ್ಲ ಇವನ ಮನೆಗೇ ಕಳಿಸುತ್ತಿದ್ದರು. ಕೆನೆ ಕೆಟ್ಟರೆ ನೂಲು ಗಡಿ ದಾಟಿ ಆಂಧ್ರದ ಕಡೆ ಹೋಗುತ್ತದೆ, ಇವನು ಇನ್ನೊಬ್ಬರ ಬಣ್ಣದ ಮನೆಯಲ್ಲಿ ಕೂಲಿಗೆ ನಿಲ್ಲಬೇಕಾಗುತ್ತದೆ. ಅಷ್ಟನ್ನೂ ಅವನು ಹೇಳಿದ್ದು ಜಗಳದ ದನಿಯಲ್ಲಲ್ಲ. ಹಾಗಾಗಿ ನನಗೂ ಸಿಟ್ಟು ಮಾಡಲು ಜಾಗ ಸಿಗಲಿಲ್ಲ.

ಎರಡು ದಿನ ಬಿಟ್ಟು ಬೈಕಿನಲ್ಲಿ ಮೊಳಕಾಲ್ಮೂರಿಗೆ ಹೋದೆ. ಅವನ ಬಣ್ಣದ ಮನೆ ಎಂದರೆ ಮನೆಯ ಹಿಂದಿನ ಉದ್ದನೆಯ ಶೆಡ್ಡು. ಎರಡು ಇಟ್ಟಿಗೆ ಒಲೆ, ಅವುಗಳ ಮೇಲೆ ನನ್ನ ಎರಡು ತೊಟ್ಟಿ. ಮೇಲೆ ಅಡ್ಡಕ್ಕೆ ಹೊಗೆ ಹಿಡಿದ ಮರದ ತೊಲೆಗಳು. ಅವುಗಳಿಂದ ಹಗ್ಗ, ಲಡಿ ಸಿಕ್ಕಿಸುವ ಕೋಲು, ಬಣ್ಣ ಪರೀಕ್ಷಿಸಿದ ಬಟ್ಟೆಯ ಚೂರು ಹೀಗೆ ನೂರೆಂಟು ಸಾಮಾನು ಜೋತಾಡುತ್ತಿದ್ದವು. ಬಾಗಿಲ ಬಳಿ ಬಣ್ಣಗಾರನ ತಾಯಿ ನೂಲು ಬಿಡಿಸುತ್ತಾ ಕೂತಿದ್ದರು. ನಾನು ನಮಸ್ಕಾರ ಮಾಡಿದೆ. ಅವರು ತಲೆಯಾಡಿಸಿ, ನಾನು ತೊಟ್ಟಿಯ ಕಡೆ ನಡೆಯುತ್ತಿದ್ದಂತೆ ಮುಖವನ್ನು ಗೋಡೆಗೆ ತಿರುಗಿಸಿಕೊಂಡರು. ಮೋಸಗಾರನ ಮುಖ ನೋಡಬಾರದು ಎಂದಿರಬೇಕು ಅಂದುಕೊಂಡೆ.

ಯಜಮಾನರೂ ಬಂದಿದ್ದರು. ಜೇಬಿನಲ್ಲಿ ಹಳೆಯ ಸ್ಪೀಕರಿನಿಂದ ಕಿತ್ತ ಆಯಸ್ಕಾಂತ ತಂದಿದ್ದರು. ಅಸಲಿ ಸ್ಟೀಲಿಗೆ ಆಯಸ್ಕಾಂತ ಹಿಡಿಯುವುದಿಲ್ಲ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಶಾಸ್ತ್ರ. ತಳಕ್ಕೆ ಹಿಡಿಯಲಿಲ್ಲ. ಅಂಚಿನ ಮಡಿಕೆಗೆ ತುಸು ಕಚ್ಚಿಕೊಂಡಿತು. ಅವರು ನನ್ನನ್ನು ನೋಡಿದ ನೋಟದಲ್ಲಿ ತೀರ್ಪು ಆಗಿಹೋಗಿತ್ತು. ಹಾಳೆಯನ್ನು ಬಗ್ಗಿಸಿದ ಜಾಗದಲ್ಲಿ ಒಳ್ಳೆಯ ಸ್ಟೀಲಿಗೂ ಆಯಸ್ಕಾಂತ ಸ್ವಲ್ಪ ಹಿಡಿಯುತ್ತದೆ ಎಂದು ವಿವರಿಸಿದೆ. ಅದು ನಿಜವೇ. ಆದರೆ ಆ ಹೊತ್ತಿನಲ್ಲಿ ನನ್ನ ಕಿವಿಗೇ ಅದು ತಪ್ಪಿಸಿಕೊಳ್ಳುವವನ ಮಾತಿನಂತೆ ಕೇಳಿಸಿತು.

ಬಗ್ಗಿ ತೊಟ್ಟಿ ನೋಡಿದೆ. ಚುಕ್ಕೆಗಳು ಒಳಮೈಯೆಲ್ಲ ಚೆದುರಿದ್ದವು, ಗೀರುಗಳ ಜಾಡು ಹಿಡಿದು ಸಾಲಾಗಿ. ಗೀರು ಎಲ್ಲಿಯದು ಎಂದು ಹುಡುಕಿದರೆ ಒಲೆಯ ಸಂದಿಯಲ್ಲಿ ಕಬ್ಬಿಣದ ತಂತಿ ಬ್ರಷ್ ಸಿಕ್ಕಿತು. ಕೆನೆ ಬಣ್ಣಕ್ಕೆ ಒಂದು ಎಳೆಯಷ್ಟೂ ಬೇರೆ ಬಣ್ಣ ತಾಗಬಾರದೆಂದು ಬಣ್ಣಗಾರ ಪ್ರತಿ ಸಲ ಅದರಲ್ಲೇ ತಿಕ್ಕುತ್ತಿದ್ದನಂತೆ. ಗಾಢ ಬಣ್ಣದ ತೊಟ್ಟಿಗೆ ಆ ಉಪಚಾರ ಇರಲಿಲ್ಲ.

ನನಗೆ ಜೀವ ಬಂತು. ಅವನನ್ನೂ ಯಜಮಾನರನ್ನೂ ನಿಲ್ಲಿಸಿಕೊಂಡು ಪಾಠವನ್ನೇ ಮಾಡಿದೆ. ಸ್ಟೇನ್‌ಲೆಸ್ ಸ್ಟೀಲಿನ ಮೈಮೇಲೆ ಕಣ್ಣಿಗೆ ಕಾಣದ ಒಂದು ಪೊರೆ ಇರುತ್ತದೆ. ಗಾಳಿ ತಾಗಿದರೆ ತಾನೇ ಕಟ್ಟಿಕೊಳ್ಳುತ್ತದೆ. ಅದು ಇರುವ ತನಕ ತುಕ್ಕಿಲ್ಲ. ಕಬ್ಬಿಣದ ಬ್ರಷ್ಷಿನಿಂದ ತಿಕ್ಕಿದರೆ ಬ್ರಷ್ಷಿನ ಪುಡಿ ಗೀರಿನಲ್ಲಿ ಕೂರುತ್ತದೆ, ಆ ಪುಡಿ ತುಕ್ಕು ಹಿಡಿದು ಪೊರೆಯನ್ನೂ ಕೆಡಿಸುತ್ತದೆ. ಕೈಗವಸು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬೆಸುಗೆಯ ಕಪ್ಪು ತೆಗೆಯುವ ಆಸಿಡ್ ಪೇಸ್ಟನ್ನು ಒಳಮೈಗೆಲ್ಲ ಹಚ್ಚಿದೆ. ಸ್ವಲ್ಪ ಹೊತ್ತು ಬಿಟ್ಟು ಬಿಂದಿಗೆಗಟ್ಟಲೆ ನೀರು ಹುಯ್ದು ತೊಳೆದೆ. ಆ ನೀರಿಗೆ ಸುಣ್ಣ ಬೆರೆಸಿಯೇ ಗುಂಡಿಗೆ ಬಿಟ್ಟೆವು. ಇನ್ನು ಮೇಲೆ ಮೆತ್ತನೆಯ ಹಸಿರು ಪ್ಯಾಡು, ಸೋಪಿನ ನೀರು, ಚೆನ್ನಾಗಿ ತೊಳೆಯುವುದು, ಒಣ ಬಟ್ಟೆಯಿಂದ ಒರೆಸುವುದು. ಒರೆಸುವುದನ್ನು ಮಾತ್ರ ಒಂದು ದಿನವೂ ಬಿಡಬಾರದು ಎಂದು ಹೇಳಿ, ಗೆದ್ದವನ ಹಾಗೆ ಬೈಕು ಹತ್ತಿ ಬಂದೆ.

ತಿಂಗಳು ಕಳೆಯುವುದರೊಳಗೆ ಫೋನು ಬಂತು. ಮತ್ತೆ ಚುಕ್ಕೆ.

ಈ ಸಲ ನಾನು ಬಣ್ಣಗಾರನನ್ನು ನಂಬಲಿಲ್ಲ. ಹೋದವನೇ ಬ್ರಷ್ಷನ್ನು ಹುಡುಕಿದೆ. ಅದನ್ನು ಮನೆಯ ಮುಂದಿನ ಚರಂಡಿ ತಿಕ್ಕಲು ಹಾಕಿದ್ದ. ತೊಟ್ಟಿಯ ಒಳಗೆ ಹೊಸ ಗೀರು ಇರಲಿಲ್ಲ. ಹಸಿರು ಪ್ಯಾಡು ಸವೆದಿತ್ತು, ಒರೆಸುವ ಹಳೆಯ ಲುಂಗಿ ತೊಲೆಯ ಮೇಲೆ ಒಣಗುತ್ತಿತ್ತು. ಹೇಳಿದ್ದನ್ನೆಲ್ಲ ಮಾಡಿದ್ದಾನೆ. ಚುಕ್ಕೆಗಳು ಈಗ ಚೆದುರಿರಲಿಲ್ಲ. ತಳದಲ್ಲಿ ಒಂದು ಕಡೆ, ಅಂಗೈ ಅಗಲದ ಜಾಗದಲ್ಲಿ ಗುಂಪಾಗಿದ್ದವು. ಕೆಲವು ಕಡೆ ಸೂಜಿ ಮೊನೆ ಹೋಗುವಷ್ಟು ಗುಳಿ ಬಿದ್ದಿತ್ತು. ಇದು ಬ್ರಷ್ಷಿನ ಕೆಲಸವಲ್ಲ ಎಂದು ಕೈಗೆ ತಿಳಿಯಿತು, ಏನು ಎಂದು ತಲೆಗೆ ಹೊಳೆಯಲಿಲ್ಲ.

ಇಂಥ ಗುಳಿ ಬೀಳಿಸುವುದು ಉಪ್ಪು. ಬಣ್ಣಕ್ಕೆ ಉಪ್ಪು ಹಾಕ್ತೀಯಾ ಎಂದು ಕೇಳಿದೆ. ಅದು ಹತ್ತಿ ನೂಲಿಗೆ, ರೇಷ್ಮೆಗೆ ಹಾಕುವುದಿಲ್ಲ ಎಂದ. ಬ್ಲೀಚಿಂಗ್ ಪೌಡರ್? ಅದನ್ನು ಬಣ್ಣದ ಮನೆಯೊಳಗೆ ತರುವುದೇ ಇಲ್ಲವಂತೆ. ಹಾಗಾದರೆ ಬೋರ್‌ವೆಲ್ ನೀರೇ ಇರಬೇಕು, ನಮ್ಮ ಸೀಮೆಯ ನೀರು ಸವಳು ಎಂದೆ. ಅವನು ಪಕ್ಕದ ತೊಟ್ಟಿಯನ್ನು ತೋರಿಸಿದ. “ಅದಕ್ಕೂ ಇದೇ ನೀರಲ್ಲೇನಣ್ಣಾ?” ಅಂದ. ದಿನಾ ಉರಿಯುವುದು, ದಿನಾ ಕುದಿಯುವುದು ಆ ತೊಟ್ಟಿ. ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಕೆಲಸ ಮಾಡಿ, ಉಳಿದ ದಿನವೆಲ್ಲ ಒಣಗಿ ಕೂರುವುದು ಈ ಕೆನೆಯದು. ದುಡಿಯುವವನು ಗಟ್ಟಿಮುಟ್ಟಾಗಿದ್ದಾನೆ, ಮಲಗಿದವನಿಗೆ ಕಾಯಿಲೆ.

ಒಲೆಯಲ್ಲೇ ಏನಾದರೂ ಇರಬಹುದೇ, ಗೋಡೆಯ ತೇವ ಇಳಿಯುತ್ತಿರಬಹುದೇ ಎಂದು ಎರಡು ತೊಟ್ಟಿಗಳನ್ನೂ ಅದಲು ಬದಲು ಮಾಡಿದೆವು. ಇಬ್ಬರೂ ಹಿಡಿಕೆ ಹಿಡಿದು ಎತ್ತಿ, ಕೆನೆಯದನ್ನು ಆಚೆ ಒಲೆಗೆ, ಗಾಢದ್ದನ್ನು ಈಚೆ ಒಲೆಗೆ ಇಟ್ಟೆವು. ಪೇಸ್ಟು ಹಚ್ಚಿ, ತೊಳೆದು, ಒರೆಸಿ ಬಂದೆ. ಆ ದಿನವೂ ಅವನ ತಾಯಿ ನನ್ನ ಕಡೆ ನೋಡಲಿಲ್ಲ. ಕಾಫಿ ಲೋಟವನ್ನು ಪಕ್ಕದಲ್ಲಿಟ್ಟು, ಮುಖವನ್ನು ಬಾಗಿಲ ಕಡೆಗೇ ಇಟ್ಟುಕೊಂಡು ಹೋದರು. ಮಗನೇ ಇಷ್ಟು ಸಮಾಧಾನವಾಗಿದ್ದಾನೆ, ಈ ಮುದುಕಿಗೇಕೆ ಇಷ್ಟು ಹಟ ಎಂದು ದಾರಿಯುದ್ದಕ್ಕೂ ಗೊಣಗಿದೆ.

ತುಕ್ಕು ತೊಟ್ಟಿಯ ಜೊತೆಗೇ ಹೋಯಿತು. ಆಚೆ ಒಲೆಯ ಮೇಲೆ ಕೆನೆಯ ತೊಟ್ಟಿಗೆ ಮತ್ತೆ ಚುಕ್ಕೆ, ಈಚೆ ಒಲೆಗೆ ಬಂದ ಗಾಢದ್ದು ಮೊದಲಿನಂತೆಯೇ ಲಕಲಕ. ಸಾಲದ್ದಕ್ಕೆ ಅಂಗೈ ಅಗಲದ ಜಾಗವೂ ಬದಲಾಗಿತ್ತು. ಎಡಕ್ಕಿದ್ದದ್ದು ಈಗ ನಡುವಿಗೆ ಬಂದಿತ್ತು. ತುಕ್ಕು ನಡೆದಾಡುವುದನ್ನು ನಾನು ಎಲ್ಲೂ ಕಂಡಿರಲಿಲ್ಲ.

ಈಗ ನನ್ನ ಮಾಲಿನ ಮೇಲೆಯೇ ನನಗೆ ಅನುಮಾನ ಹತ್ತಿತು. ಒಂದೇ ಹಾಳೆ ಎಂದು ನಂಬಿದ್ದು ಎರಡು ಹಾಳೆಯಾಗಿತ್ತೇ? ಚಳ್ಳಕೆರೆಯ ಪೇಟೆಯಲ್ಲಿ ಗುಜರಿ ಅಂಗಡಿಯ ಸಾಹೇಬರೊಬ್ಬರು ಇದ್ದಾರೆ. ಅವರ ಬಳಿ ಸ್ಟೀಲಿನ ಜಾತಿ ಹೇಳುವ ಒಂದು ದ್ರಾವಣ, ಒಂದು ಚಿಕ್ಕ ಬ್ಯಾಟರಿ ಇರುತ್ತದೆ. ಒಂದು ತೊಟ್ಟು ಹಾಕಿ ಬ್ಯಾಟರಿ ತಾಗಿಸಿದರೆ ಕಳಪೆ ಮಾಲು ಕೆಂಪಗಾಗುತ್ತದೆ. ಅವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮೊಳಕಾಲ್ಮೂರಿಗೆ ಕರೆದೊಯ್ದೆ. ಯಜಮಾನರ ಮುಂದೆಯೇ ಎರಡೂ ತೊಟ್ಟಿಗೆ ತೊಟ್ಟು ಬಿಟ್ಟರು. ಎಲ್ಲರೂ ಬಗ್ಗಿ ನೋಡಿದೆವು. ಕೆಂಪಾಗಲಿಲ್ಲ.

“ಮಾಲ್ ಅಸಲಿ ಐತೆ ಭಾಯ್,” ಅಂದರು ಸಾಹೇಬರು. “ಎರಡೂ ಅಸಲಿ.”

ಗೆದ್ದದ್ದಕ್ಕೆ ಖುಷಿಯಾಗಬೇಕಿತ್ತು. ಮಾಲು ಕಳಪೆ ಎಂದಿದ್ದರೆ ಹೊಸ ತೊಟ್ಟಿ ಮಾಡಿಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದೆ. ಈಗ ಅದೂ ಹೋಯಿತು. ಯಜಮಾನರು ಆಯಸ್ಕಾಂತವನ್ನು ಜೇಬಿನಲ್ಲೇ ಇಟ್ಟುಕೊಂಡು ಬಣ್ಣಗಾರನಿಗೆ ಹೇಳಿದರು. “ಮದುವೆ ಸೀರೆ ನೂಲು, ಕೆನೆ. ಬರೋ ವಾರ ಕಳಿಸ್ತೀನಿ. ಈ ಸಲ ಚುಕ್ಕೆ ಬಂದ್ರೆ ನನ್ನ ನೂಲು ಈ ಬಾಗಿಲಿಗೆ ಬರಲ್ಲಪ್ಪಾ. ಬೇಜಾರು ಮಾಡ್ಕೋಬೇಡ.” ಬಣ್ಣಗಾರ ಆಗಲಿ ಅಂದ. ತನ್ನ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಹಿಂಡುತ್ತಲೇ ಇದ್ದ, ಅದರಲ್ಲಿ ನೀರೇ ಇರಲಿಲ್ಲ.

ನೂಲು ಬರುವ ಹಿಂದಿನ ದಿನ ಬೆಳಿಗ್ಗೆಯೇ ಹೋದೆ. ಪೇಸ್ಟು, ಕೈಗವಸು ಎಲ್ಲ ಚೀಲದಲ್ಲಿತ್ತು. ತೊಟ್ಟಿಯ ಮುಂದೆ ಕೂತು ಡಬ್ಬಿಯ ಮುಚ್ಚಳ ತಿರುಗಿಸಿದವನು ಅಲ್ಲಿಗೇ ಕೈ ತಡೆದೆ. ಪ್ರತಿ ಸಲವೂ ನಾನು ಮಾಡುತ್ತಿದ್ದುದು ಇದೇ. ಬರುವುದು, ತುಕ್ಕು ತೆಗೆಯುವುದು, ಉಪದೇಶ ಮಾಡಿ ಹೋಗುವುದು. ತುಕ್ಕು ಹುಟ್ಟುವ ಹೊತ್ತಿನಲ್ಲಿ ನಾನು ಒಮ್ಮೆಯೂ ಇಲ್ಲಿ ಇರಲಿಲ್ಲ. ಮುಚ್ಚಳವನ್ನು ವಾಪಸ್ ಬಿಗಿ ಮಾಡಿದೆ. ಇವತ್ತು ಒಂದು ದಿನದ ಕೆಲಸವನ್ನು ಬೆಂಕಿ ಹಾಕುವುದರಿಂದ ಒರೆಸುವ ತನಕ ಮಾಡಿ ತೋರಿಸು, ನೂಲು ಮಾತ್ರ ಹಾಕಬೇಡ, ನಾನು ಕೂತು ನೋಡುತ್ತೇನೆ ಎಂದೆ.

ಅವನಿಗೆ ಮೊದಲ ಸಲ ಸಿಟ್ಟು ಬಂತು. “ನಾಳೆ ನೂಲು ಬರ್ತೈತೆ. ನೀವು ತುಕ್ಕು ಉಜ್ಜೋದು ಬಿಟ್ಟು ಆಟ ನೋಡ್ತೀನಿ ಅಂತೀರಲ್ಲ,” ಅಂದ. ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನನಗೂ ಭಯವೇ ಇತ್ತು. ಆದರೂ ಹಟ ಹಿಡಿದೆ.

ಎರಡೂ ಒಲೆ ಹೊತ್ತಿದವು. ಪಕ್ಕದ ತೊಟ್ಟಿಯಲ್ಲಿ ನಿಜವಾದ ಕುಂಕುಮ ಬಣ್ಣದ ಕೆಲಸ. ಇದರಲ್ಲಿ ಬರೀ ನೀರು, ಸೋಪು, ಸೋಡಾ. ಬಣ್ಣಗಾರ ಖಾಲಿ ಕೋಲುಗಳನ್ನು ನೀರಿನಲ್ಲಿ ತಿರುವುತ್ತಾ, ಇಲ್ಲದ ಲಡಿಗಳನ್ನು ಮೇಲೆ ಕೆಳಗೆ ಮಾಡಿದ. ಮುಖ ನೋಡಿದರೆ ನಗು ಬರುವಂತಿತ್ತು, ನಗಲು ಧೈರ್ಯ ಬರಲಿಲ್ಲ. ಆವಿ ಎದ್ದು ತೊಲೆಗಳೆಲ್ಲ ಮುಚ್ಚಿಹೋದವು. ನಾನು ತೊಟ್ಟಿಯ ಅಂಚನ್ನು ಬಿಟ್ಟು ಕಣ್ಣು ಕದಲಿಸಲಿಲ್ಲ. ಮಧ್ಯಾಹ್ನ ಕಳೆಯಿತು. ನೀರು ಬಿಟ್ಟ, ಪ್ಯಾಡಿನಲ್ಲಿ ಉಜ್ಜಿದ, ತೊಳೆದ, ಲುಂಗಿಯಲ್ಲಿ ಒರೆಸಿದ. ನಾನೇ ಒರೆಸಿದ್ದರೂ ಅಷ್ಟು ಚೆನ್ನಾಗಿ ಒರೆಸುತ್ತಿರಲಿಲ್ಲ. ಒಂದು ತಪ್ಪೂ ಸಿಗಲಿಲ್ಲ. ಅವನು ಕೈ ತೊಳೆಯಲು ಆಚೆ ಹೋದ. ನಾನು ಕೈ ಚೆಲ್ಲಿ ಅಲ್ಲೇ ಕೂತೆ.

ಆಗ ಒಣಗಿದ ತಳದಲ್ಲಿ ಟಪ್ ಅಂತು.

ಒಂದು ಹನಿ. ಸರಿಯಾಗಿ ಆ ಅಂಗೈ ಅಗಲದ ಜಾಗದಲ್ಲಿ. ಆವಿಯ ನೀರು ಇಳಿದಿರಬೇಕು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಇನ್ನೊಂದು, ಅದೇ ಜಾಗಕ್ಕೆ. ಬೆರಳಿನಲ್ಲಿ ತೆಗೆದು ನಾಲಿಗೆಗೆ ಮುಟ್ಟಿಸಿದೆ. ಕಡು ಉಪ್ಪು.

ಇಷ್ಟು ತಿಂಗಳಲ್ಲಿ ನಾನು ಆ ಶೆಡ್ಡಿನಲ್ಲಿ ಬಗ್ಗಿದ್ದೇನೆಯೇ ಹೊರತು ತಲೆ ಎತ್ತಿ ಸರಿಯಾಗಿ ನೋಡಿರಲಿಲ್ಲ. ಈಗ ನೋಡಿದೆ. ಹಗ್ಗ, ಕೋಲು, ಬಟ್ಟೆ ಚೂರುಗಳ ನಡುವೆ ಕಪ್ಪು ಬಟ್ಟೆಯದೊಂದು ಗಂಟು, ತೆಂಗಿನಕಾಯಿ ಗಾತ್ರದ್ದು, ತೊಲೆಗೆ ಕಟ್ಟಿತ್ತು. ತಳ ಒದ್ದೆಯಾಗಿ ತೂಗುತ್ತಿತ್ತು. ದೃಷ್ಟಿಗೆ ಕಟ್ಟುವ ಕಲ್ಲುಪ್ಪಿನ ಗಂಟು. ಪಕ್ಕದ ತೊಟ್ಟಿ ದಿನಾ ಕುದಿಯುತ್ತದೆ, ಆ ಆವಿಯನ್ನು ಉಪ್ಪು ಕುಡಿಯುತ್ತದೆ, ಎಲ್ಲರೂ ಒರೆಸಿಟ್ಟು ಹೋದ ಮೇಲೆ ಕೆನೆಯ ತೊಟ್ಟಿಗೆ ಹನಿ ಹನಿಯಾಗಿ ಇಳಿಸುತ್ತದೆ. ಹನಿ ಒಣಗಿ, ಉಪ್ಪು ಅಲ್ಲೇ ಕೂತು, ಕೆಲಸವಿಲ್ಲದ ದಿನವೆಲ್ಲ ಪೊರೆಯನ್ನು ತಿನ್ನುತ್ತದೆ.

“ಯಾರು ಕಟ್ಟಿದ್ದು ಇದನ್ನ?” ಎಂದು ಕೂಗಿಯೇ ಬಿಟ್ಟೆ. ಬಣ್ಣಗಾರ ಓಡಿ ಬಂದ. ಗಂಟನ್ನು ನೋಡಿದ, ತಾಯಿಯ ಕಡೆ ನೋಡಿದ. ಅವರು ಬಾಗಿಲ ಬಳಿ, ಗೋಡೆಗೆ ಮುಖ ಮಾಡಿ ನೂಲು ಬಿಡಿಸುತ್ತಾ ಕೂತಲ್ಲೇ ಇದ್ದರು. ಅಲ್ಲಿಂದಲೇ ತಮ್ಮ ಮನೆಮಾತು ತೆಲುಗಿನಲ್ಲಿ ಹೇಳಿದರು.

“ನಾ ದಿಷ್ಟೇ ತಗಿಲಿಂದಿ, ನಾಯನಾ.”

ನನ್ನ ದೃಷ್ಟಿಯೇ ತಾಗಿತು ಅಂದರು. ಆಮೇಲೆ ಕನ್ನಡದಲ್ಲಿ, ಗೋಡೆಗೇ ಹೇಳುವಂತೆ ಒಂದೊಂದಾಗಿ ಹೇಳಿದರು. ಮದುವೆಯಾಗಿ ಬಂದಾಗಿನಿಂದ ಮಸಿ ಹಿಡಿದ ತಾಮ್ರದ ಹಂಡೆಗಳಲ್ಲೇ ಅವರು ಬಣ್ಣ ಹಾಕಿದವರು. ಈ ತೊಟ್ಟಿ ಬಂದ ದಿನ ಒಳಗೆ ಬಗ್ಗಿದರೆ ಅವರ ಮುಖವೇ ಕಂಡಿತಂತೆ. ಆಮೇಲೆ ಹೋಗಿ ಬಂದು ಅದನ್ನೇ ನೋಡುತ್ತಿದ್ದರಂತೆ, ಯಾರೂ ಇಲ್ಲದಾಗ ಬಂದು ಕೂಡ. ಅಷ್ಟರಲ್ಲೇ ತುಕ್ಕು ಬಂತು. ತನ್ನ ಕಣ್ಣೇ ಮಗನ ಅನ್ನಕ್ಕೆ ಕಲ್ಲು ಹಾಕಿತು ಎಂದುಕೊಂಡು ಅಂದಿನಿಂದ ಅವರು ಆ ಕಡೆ ನೋಡುವುದನ್ನೇ ಬಿಟ್ಟಿದ್ದರು. ಮಗನಿಗೂ ಹೇಳದೆ ಗಂಟು ಕಟ್ಟಿದರು. ನಾನು ತೊಟ್ಟಿಯನ್ನು ಆಚೆ ಒಲೆಗೆ ಹಾಕಿದಾಗ ಗಂಟನ್ನೂ ಆಚೆಗೆ ಕಟ್ಟಿದರು. ತುಕ್ಕು ಬಂದಾಗಲೆಲ್ಲ ಹಳೆಯ ಉಪ್ಪು ಸೋತಿತೆಂದು ಹೊಸ ಉಪ್ಪು ತುಂಬಿದರು, ಒಂದು ಹಿಡಿ ಹೆಚ್ಚಾಗಿಯೇ.

ನನ್ನಿಂದ ಮುಖ ತಿರುಗಿಸುತ್ತಿದ್ದಾರೆ ಎಂದು ನಾನು ತಿಳಿದಿದ್ದೆ. ತೊಟ್ಟಿಯಿಂದ ತಿರುಗಿಸುತ್ತಿದ್ದರು. ನನ್ನ ಸಿಟ್ಟೆಲ್ಲ ಇಳಿದು, ಅದರ ಜಾಗಕ್ಕೆ ಬೇರೆ ಗೊಂದಲ ಬಂತು. ನಿಮ್ಮ ಉಪ್ಪಿನಿಂದಲೇ ತುಕ್ಕು ಎಂದರೆ ಈ ಹೆಂಗಸು ಎರಡನೇ ತಪ್ಪನ್ನೂ ತಲೆ ಮೇಲೆ ಹೊತ್ತುಕೊಳ್ಳುತ್ತಾರೆ. ಹೇಳದಿದ್ದರೆ ನಾಳೆ ಮತ್ತೆ ಕಟ್ಟುತ್ತಾರೆ.

“ಅವ್ವಾ, ಮನೇಲಿ ಉಪ್ಪನ್ನ ಯಾವುದ್ರಲ್ಲಿ ಇಡ್ತೀರಿ?” ಎಂದು ಕೇಳಿದೆ.

“ಪಿಂಗಾಣಿ ಜಾಡೀಲಿ,” ಅಂದರು.

“ಸ್ಟೀಲ್ ಡಬ್ಬೀಲಿ ಯಾಕೆ ಇಡಲ್ಲ?”

“ತೂತು ಬೀಳ್ತೈತೆ,” ಅಂದರು. ನೂಲು ಬಿಡಿಸುತ್ತಿದ್ದ ಕೈ ನಿಂತಿತು. ಎದ್ದು, ತೊಟ್ಟಿಯ ಕಡೆ ನೋಡದೆಯೇ ಗೋಡೆ ಹಿಡಿದು ಬಂದು, ಮಗನಿಗೆ ಕೈ ತೋರಿಸಿ ಗಂಟು ಬಿಚ್ಚಿಸಿಕೊಂಡರು. ಮಡಿಲಿನಲ್ಲಿ ಹಿಡಿದುಕೊಂಡು ಹಿತ್ತಲಿಗೆ ಹೋದರು.

ಮೊದಲ ಸಲದ ತುಕ್ಕು ಬ್ರಷ್ಷಿನದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಗಂಡಸರಿಬ್ಬರನ್ನು ನಿಲ್ಲಿಸಿಕೊಂಡು ಪಾಠ ಮಾಡಿದ್ದೆನಲ್ಲ, ಬಾಗಿಲಲ್ಲಿ ಕೂತವರನ್ನು ಕರೆದಿರಲಿಲ್ಲ. ಹಿತ್ತಲಿಗೆ ಹೋಗಿ ಹೇಳಿದೆ. ಅವರು ಮಗನ ಹೆಸರು ಹಿಡಿದು ಒಂದು ಸಣ್ಣ ಬೈಗುಳ ಬೈದರು. ನಂಬಿದರೋ ಇಲ್ಲವೋ ಗೊತ್ತಾಗಲಿಲ್ಲ.

ಸಂಜೆಯ ತನಕ ಕೆಲಸ ಮಾಡಿದೆವು. ಬಿಸಿನೀರಿನಿಂದ ಮೂಲೆ ಮೂಲೆಯ ಉಪ್ಪನ್ನು ತೊಳೆದು, ಗುಳಿಗಳನ್ನು ನಯವಾದ ಪ್ಯಾಡಿನಲ್ಲಿ ಉಜ್ಜಿ ಅಂಚು ಸವೆಸಿದೆ. ಪೇಸ್ಟು ಹಚ್ಚಿ, ತೊಳೆದು, ಸೋಡಾ ನೀರು ಹುಯ್ದು, ಮತ್ತೆ ತೊಳೆದು ಒರೆಸಿದೆ. ಹಾಗೆಯೇ ಗಾಳಿಗೆ ಬಿಟ್ಟೆವು, ಪೊರೆ ಕಟ್ಟಿಕೊಳ್ಳಲಿ ಎಂದು. ಅದು ಕಟ್ಟಿಕೊಂಡಿತೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ, ನಂಬಬೇಕು. ಆ ಮಟ್ಟಿಗೆ ನಾನೂ ಆ ತಾಯಿಯೂ ಒಂದೇ ಎಂದು ಅನ್ನಿಸಿತು.

ಮಾರನೇ ದಿನ ಮತ್ತೆ ಹೋದೆ. ಯಜಮಾನರು ನೂಲಿನ ಜೊತೆಗೇ ಬಂದು ಕುರ್ಚಿ ಹಾಕಿಸಿಕೊಂಡು ಕೂತರು. ಬಣ್ಣಗಾರ ಲಡಿ ಇಳಿಸಿದ. ನನಗೆ ಅಲ್ಲಿ ಮಾಡುವ ಕೆಲಸ ಏನೂ ಇರಲಿಲ್ಲ, ಕಂಬ ಹಿಡಿದು ನಿಂತಿದ್ದೆ. ಲಡಿಗಳನ್ನು ತೊಳೆದು, ನೆರಳಲ್ಲಿ ಒಣಗಿಸಿದ ಮೇಲೆ ಯಜಮಾನರು ಒಂದನ್ನು ಬಾಗಿಲ ಬೆಳಕಿಗೆ ಒಯ್ದು ಹೆಬ್ಬೆರಳಿನಿಂದ ಎಳೆ ಅಗಲಿಸಿದರು. ಇನ್ನೊಂದನ್ನು ತೆಗೆದರು. ಮತ್ತೊಂದು. ಎಲ್ಲವನ್ನೂ ನೋಡಿದರು. ಒಳ್ಳೆಯದು ಕೆಟ್ಟದು ಎಂಬ ಮಾತೇ ಆಡದೆ, ಮುಂದಿನ ಕೆನೆ ನೂಲು ಸೋಮವಾರ ಕಳಿಸ್ತೀನಿ ಎಂದು ಬಣ್ಣಗಾರನಿಗೆ ಹೇಳಿ ಹೊರಟರು. ಅವನು ಒಲೆಯ ಕಟ್ಟೆಯ ಮೇಲೆ ಕುಸಿದು ಕೂತ.

ತೊಟ್ಟಿ ತೊಳೆದಾಯಿತು. ಒರೆಸುವ ಹೊತ್ತಿಗೆ ನಾನು ಲುಂಗಿಯ ಬಟ್ಟೆಯನ್ನು ಅವನ ಕೈಯಿಂದ ತೆಗೆದುಕೊಂಡು ಅವನ ತಾಯಿಯ ಬಳಿಗೆ ಹೋದೆ. ಈ ಸ್ಟೀಲಿಗೆ ದಿನಾ ಒಬ್ಬರು ಬಗ್ಗಿ ನೋಡುವವರು ಬೇಕು, ಅದಕ್ಕಿಂತ ದೊಡ್ಡ ಉಪಚಾರ ಇಲ್ಲ ಎಂದೆ. ಅದು ಸಮಾಧಾನಕ್ಕೆ ಹೇಳಿದ ಮಾತಲ್ಲ, ನಿಜ.

“ಒರೆಸಿದ ಮೇಲೆ ನೀವೇ ನೋಡ್ಬೇಕವ್ವಾ. ಮುಖ ಕಂಡ್ರೆ ಸರಿಯೈತೆ ಅಂತ. ಮಸುಕಾದ್ರೆ ನಂಗೆ ಫೋನ್ ಮಾಡಿಸ್ರಿ, ಬರ್ತೀನಿ.”

ಅವರು ಬಟ್ಟೆ ಹಿಡಿದು ನಿಂತರು. ಹೋಗಲಿಲ್ಲ. “ನೋಡವ್ವ,” ಅಂದ ಮಗ, ಕೂತಲ್ಲಿಂದಲೇ. ಆಗ ಮೆಲ್ಲಗೆ ಬಂದರು. ಮೊದಲು ಅಂಚು ಒರೆಸಿದರು, ತೊಟ್ಟಿಯ ಒಳಗೋಡೆ ಒರೆಸಿದರು, ಕಣ್ಣು ಮಾತ್ರ ಬಟ್ಟೆಯ ಮೇಲೆಯೇ ಇತ್ತು. ತಳಕ್ಕೆ ಬರುವಾಗ ಬಗ್ಗಲೇಬೇಕಾಯಿತು. ಬಗ್ಗಿದರು. ಬಹಳ ಹೊತ್ತು ಹಾಗೆಯೇ ಇದ್ದು, ಬಟ್ಟೆಯನ್ನು ಇನ್ನೊಂದು ಕೈಗೆ ಬದಲಾಯಿಸಿ, ಹಣೆಯ ಮೇಲೆ ಬಿದ್ದಿದ್ದ ಕೂದಲನ್ನು ಹಿಂದಕ್ಕೆ ಸರಿಸಿಕೊಂಡರು.